ಯಾವ ಸ್ಪೀಡಿಗೆ ನಡುಗುತ್ತದೆ?

“ಉಸ್ತಾದ್, ಗಾಡಿ ಭಾಳ ನಡುಗ್ಲತದ್ರಿ. ಏನ್ ಹಾಕ್ಬೇಕೋ ಹಾಕ್ರಿ.”

ಜಹೀರಾಬಾದಿನಲ್ಲಿ ಬೀದರ್ ರಸ್ತೆಯ ಬದಿಗಿರುವ ನನ್ನ ಗ್ಯಾರೇಜಿಗೆ ಬರುವವರ ಮೊದಲ ಮಾತು ಹೆಚ್ಚಾಗಿ ಇದೇ. ಹಾಕುವುದು ಆಮೇಲಾಗಲಿ, ಯಾವ ಸ್ಪೀಡಿಗೆ ನಡುಗುತ್ತದೆ ಮೊದಲು ಹೇಳಿ ಎನ್ನುತ್ತೇನೆ. ಬ್ರೇಕ್ ತುಳಿದಾಗಲೋ, ಆಕ್ಸಿಲರೇಟರ್ ತುಳಿದಾಗಲೋ? ನಡುಕ ಸ್ಟೇರಿಂಗಿಗೆ ಬರುತ್ತದೋ, ಕೂತ ಸೀಟಿಗೋ? ಖಾಲಿ ಗಾಡಿಗೋ, ಎಂಟು ಜನ ಹತ್ತಿದ ಮೇಲೋ? ಇಷ್ಟಕ್ಕೆ ಸರಿಯಾದ ಉತ್ತರ ಸಿಕ್ಕರೆ ಹುಡುಕಾಟ ಅರ್ಧ ಮುಗಿದ ಹಾಗೆ. ಉತ್ತರ ಗೊತ್ತಿರುವುದು ಆ ಗಾಡಿಯನ್ನು ದಿನಾ ಓಡಿಸುವವರಿಗೆ. ಪಾನಾ ಹಿಡಿದು ಕೆಳಗೆ ಮಲಗಿದ ನನಗೆ ನಿಂತ ಗಾಡಿ ಏನೂ ಹೇಳುವುದಿಲ್ಲ.

ಈ ಭಾಗದಲ್ಲಿ ಹತ್ತು ಹದಿನೈದು ವರ್ಷ ದಾಟಿದ ದೊಡ್ಡ ಗಾಡಿಗಳು ಇನ್ನೂ ದುಡಿಯುತ್ತಿವೆ. ಟಾಟಾ ಸುಮೊ ಮಾರುಕಟ್ಟೆಗೆ ಬಂದದ್ದು 1994ರಲ್ಲಿ, ಬೊಲೆರೊ ಮತ್ತು ಕ್ವಾಲಿಸ್ 2000ದಲ್ಲಿ, ಸ್ಕಾರ್ಪಿಯೊ 2002ರಲ್ಲಿ. ಸುಮೊ, ಕ್ವಾಲಿಸ್ ತಯಾರಿಕೆ ನಿಂತು ಹೋಗಿದೆ. ಆದರೂ ಮದುವೆ ದಿಬ್ಬಣಕ್ಕೆ, ಝರಾಸಂಗಮದ ಕೇತಕಿ ಸಂಗಮೇಶ್ವರನ ದರ್ಶನಕ್ಕೆ, ಬೀದರಿನ ಆಸ್ಪತ್ರೆಗೆ ಇವೇ ಬೇಕು. ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯ ಬೇರೆಯಾಯಿತು, ನೆಂಟಸ್ತಿಕೆ ಬೇರೆಯಾಗಲಿಲ್ಲ. ಹಾಗಾಗಿ ನನ್ನಲ್ಲಿಗೆ ಬರುವ ಗಾಡಿ ಒಂದೇ ವಾರದಲ್ಲಿ ಹುಮನಾಬಾದಿನ ಹೆದ್ದಾರಿ, ಚಿಂಚೋಳಿಯ ತಗ್ಗು, ನಾರಾಯಣಖೇಡದ ಕೆಸರು ಎಲ್ಲವನ್ನೂ ಕಂಡು ಬಂದಿರುತ್ತದೆ. ನಡುಕದ ಕಾರಣವೂ ಬಹಳ ಸಲ ಆ ದಾರಿಯಲ್ಲೇ ಸಿಗುತ್ತದೆ.

ಮೊದಲ ಕೆಲಸ ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗುವುದು. ನೋಡಬೇಕಾದ್ದು ಒಂದೇ: ಈ ನಡುಕ ಇಂಜಿನ್ನಿನ ಹಿಂದೆ ಹೋಗುತ್ತಿದೆಯೋ, ಚಕ್ರದ ಹಿಂದೆಯೋ? 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಖಾಲಿಯಾದ ನೇರ ದಾರಿ ನೋಡಿಕೊಂಡು, ನಡುಕ ಬರುವ ಸ್ಪೀಡಿಗೆ ತಂದು, ಐದನೇ ಗೇರಿನಿಂದ ನಾಲ್ಕಕ್ಕೆ ಇಳಿಸುತ್ತೇನೆ. ಗಾಡಿಯ ಸ್ಪೀಡ್ ಅಷ್ಟೇ ಇದೆ, ಇಂಜಿನ್ ಮಾತ್ರ ಜೋರಾಗಿ ತಿರುಗುತ್ತಿದೆ. ನಡುಕ ಬದಲಾಗಲಿಲ್ಲ ಎಂದರೆ ಇಂಜಿನ್, ಕ್ಲಚ್‌ಗಳನ್ನು ಸದ್ಯಕ್ಕೆ ಬಿಟ್ಟುಬಿಡಬಹುದು. ಕಾರಣ ಗೇರ್‌ಬಾಕ್ಸಿನಿಂದ ಹಿಂದಕ್ಕೆ, ಇಲ್ಲವೇ ನಾಲ್ಕು ಚಕ್ರಗಳಲ್ಲಿದೆ. ಗಾಡಿ ನಿಂತಲ್ಲೇ ರೇಸ್ ಕೊಟ್ಟಾಗಲೂ ಅದೇ ನಡುಕ ಬಂದರೆ ಇಂಜಿನ್ ಕಡೆಗೆ ತಿರುಗಬೇಕು. ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿ ಪರೀಕ್ಷೆ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಇಂಜಿನ್ ಆಫ್ ಆದರೆ ಪವರ್ ಸ್ಟೇರಿಂಗ್ ಹೋಗುತ್ತದೆ. ಬ್ರೇಕಿನ ಬೂಸ್ಟರ್ ಒಂದೆರಡು ಸಲ ತುಳಿಯುವಷ್ಟರಲ್ಲಿ ಖಾಲಿಯಾಗಿ ಪೆಡಲ್ ಕಲ್ಲಿನಂತಾಗುತ್ತದೆ.

ಸ್ವಲ್ಪ ಲೆಕ್ಕ ಗೊತ್ತಿದ್ದರೆ ಕೈಗೇ ಪತ್ತೆ ಸಿಗುತ್ತದೆ. ಬೊಲೆರೊಗೆ ಸಾಮಾನ್ಯವಾಗಿ ಬರುವ 215/75 ಆರ್ 15 ಟೈರು ಒಂದು ಸುತ್ತು ತಿರುಗಿದರೆ ಗಾಡಿ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್ ಚಿಲ್ಲರೆ. ಅಂದರೆ ಚಕ್ರ ಸೆಕೆಂಡಿಗೆ ಹತ್ತು ಸುತ್ತು. ಇಂಜಿನ್ನಿನ ಶಕ್ತಿಯನ್ನು ಹಿಂದಿನ ಆಕ್ಸಲ್ಲಿನ ಹೌಸಿಂಗಿಗೆ ಒಯ್ಯುವ ಪ್ರೊಪೆಲರ್ ಶಾಫ್ಟ್ ಇದರ ಸುಮಾರು ನಾಲ್ಕು ಪಟ್ಟು ತಿರುಗುತ್ತದೆ, ಸೆಕೆಂಡಿಗೆ ನಲವತ್ತರ ಆಸುಪಾಸು. ಸೆಕೆಂಡಿಗೆ ಹತ್ತು ಸಲದ ಅಲುಗಾಟ ಕೈಗೆ ಒಂದೊಂದಾಗಿ ತಾಗುತ್ತದೆ, ಸ್ಟೇರಿಂಗ್ ಎಡಬಲ ಕುಣಿಯುತ್ತದೆ. ನಲವತ್ತು ಸಲದ್ದು ಹಾಗಲ್ಲ. ಅದು ಗುಂಯ್ ಎಂಬ ಗುಂಗಾಗಿ ಪಾದದಡಿಯ ತಗಡಿಗೆ, ಸೀಟಿಗೆ ಬರುತ್ತದೆ, ಕನ್ನಡಿಯಲ್ಲಿ ಹಿಂದಿನ ಲಾರಿ ಮಸುಕಾಗಿ ಕಾಣುತ್ತದೆ. ಹಾಗಾಗಿ ಸ್ಟೇರಿಂಗ್ ಕುಣಿದರೆ ಮುಂದಿನ ಚಕ್ರ ನೋಡುತ್ತೇನೆ, ಸೀಟು ಗುಂಯ್‌ಗುಟ್ಟಿದರೆ ಶಾಫ್ಟ್ ನೋಡುತ್ತೇನೆ.

ನಾರಾಯಣಖೇಡದ ಕಡೆಯಿಂದ ಮಳೆಗಾಲದಲ್ಲಿ ಬರುವ ಗಾಡಿಗಳಿಗೆ ನಾನು ಮೊದಲು ಮಾಡುವುದು ಚಕ್ರಗಳ ಒಳಮೈ ನೋಡುವ ಕೆಲಸ. ಎರೆ ಹೊಲದ ದಾರಿಯಲ್ಲಿ ಓಡಿದ ಗಾಡಿಯ ರಿಮ್ಮಿನ ಒಳಗೆ ಮಣ್ಣು ಮೆತ್ತಿಕೊಳ್ಳುತ್ತದೆ. ರಾತ್ರಿ ಗಾಡಿ ನಿಂತಾಗ ಅದು ಕೆಳಗಡೆಗೆ ಇಳಿದು, ಬೆಳಿಗ್ಗೆ ಒಂದೇ ಕಡೆ ಗಟ್ಟಿಯಾಗಿರುತ್ತದೆ. ಚಕ್ರ ಬ್ಯಾಲೆನ್ಸ್ ಮಾಡುವಾಗ ಹತ್ತಿಪ್ಪತ್ತು ಗ್ರಾಂ ಸೀಸಕ್ಕಾಗಿ ಲೆಕ್ಕ ಹಾಕುತ್ತೇವೆ, ಇಲ್ಲಿ ಮುಷ್ಟಿ ಮಣ್ಣು ಒಂದೇ ಬದಿಗೆ ಕೂತಿರುತ್ತದೆ. ಊರೊಳಗೆ ಏನೂ ಗೊತ್ತಾಗುವುದಿಲ್ಲ. 161ನೇ ಹೆದ್ದಾರಿ ಹತ್ತಿ ಎಪ್ಪತ್ತು ದಾಟಿದ ಕೂಡಲೇ ಸ್ಟೇರಿಂಗ್ ಕುಣಿಯಲು ಶುರು. ಕಂಪನಿಯ ಚಕ್ರಕ್ಕೆ ಏನೂ ಆಗಿರುವುದಿಲ್ಲ, ಟೈರ್ ಬದಲಿಸುವ ಅಗತ್ಯವೂ ಇಲ್ಲ. ಚಕ್ರದ ಒಳಬದಿಗೆ ಪೈಪ್ ಹಿಡಿದು, ಕಟ್ಟಿಗೆಯ ತುಂಡಿನಿಂದ ಮಣ್ಣು ಕೆರೆದು ತೆಗೆದರೆ ಸಾಕು. ಇದಕ್ಕೆ ಗ್ಯಾರೇಜಿನ ಅಗತ್ಯವಿಲ್ಲ. ಕೆರೆಯುವಾಗ ಅಂಟಿಸಿದ ಸೀಸದ ತುಂಡು ಕೀಳದಂತೆ ನೋಡಿಕೊಂಡರಾಯಿತು.

ಮಣ್ಣು ತೆಗೆದ ಮೇಲೂ ನಡುಕ ಉಳಿದರೆ ಟೈರಿನ ಮೇಲೆ ಅಂಗೈ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪಾಗಿ, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಾಗಿದರೆ ಅಲೈನ್‌ಮೆಂಟ್ ತಪ್ಪಿದೆ. ಅಲ್ಲಲ್ಲಿ ತಗ್ಗು ಬಿದ್ದಂತಿದ್ದರೆ ಶಾಕ್‌ಅಬ್ಸಾರ್ಬರ್ ಸತ್ತಿರಬಹುದು, ಬುಶ್ ಸವೆದಿರಬಹುದು. ಟೈರಿನ ಬದಿಯಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. ನಕ್ಷೆ ಆಳವಾಗಿದ್ದರೂ ಹಳೆಯ ರಬ್ಬರ್ ಒಳಗೊಳಗೇ ಬಿಡುತ್ತಾ ಬರುತ್ತದೆ. ಟೈರಿನಲ್ಲಿ ಎಲ್ಲಾದರೂ ಗಂಟಿನಂತೆ ಉಬ್ಬಿದ್ದು ಕಂಡರೆ ಆ ಟೈರಿನಲ್ಲಿ ಇನ್ನೊಂದು ಊರಿಗೂ ಹೋಗಬೇಡಿ. ಸ್ಟೆಪ್ನಿ ಹಾಕಿಕೊಂಡು ಬನ್ನಿ.

ತಾಂಡೂರಿನ ಗಾಡಿಗಳದ್ದು ಬೇರೆ ಕತೆ. ಅಲ್ಲಿ, ಬಶೀರಾಬಾದಿನ ಸುತ್ತಲೂ ನೆಲದಡಿ ಸುಣ್ಣದ ಕಲ್ಲು. ಫರ್ಸಿ ತೆಗೆಯುವ ಗಣಿಗಳು, ಪಾಲಿಶ್ ಮಾಡುವ ಘಟಕಗಳು, ಕರಣಕೋಟದಲ್ಲಿ ಸಿಮೆಂಟ್ ಕಾರ್ಪೊರೇಷನ್ನಿನ ಕಾರ್ಖಾನೆ. ಕಲ್ಲು ಹೇರಿದ ಲಾರಿಗಳು ಓಡಾಡುವ ರಸ್ತೆಯಲ್ಲಿ ಚೂರು ಕಲ್ಲಿಗೆ ಬರವಿಲ್ಲ. ಅಲ್ಲಿಂದ ಬಂದ ಸ್ಕಾರ್ಪಿಯೊ ಒಂದರ ಮುಂದಿನ ಎಡ ಚಕ್ರ ಖರ್ರ್ ಎಂದು ಚೀರುತ್ತಿತ್ತು, ದಾರಿಯಲ್ಲಿ ಹೋಗುವವರು ತಿರುಗಿ ನೋಡುವಷ್ಟು. ಬೇರಿಂಗ್, ಪ್ಯಾಡ್, ಡಿಸ್ಕ್ ಮೂರನ್ನೂ ಬದಲಿಸಬೇಕು ಎಂದು ಯಾರೋ ಹೇಳಿ ಕಳಿಸಿದ್ದರು. ಚಕ್ರ ಬಿಚ್ಚಿದರೆ ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ಧೂಳು ತಡೆಯುವ ತೆಳು ತಗಡಿಗೂ ನಡುವೆ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ, ಬೂದುಬಣ್ಣದ ಕಲ್ಲಿನ ಚೂರು. ಡಿಸ್ಕಿನ ಒಳಮೈಯಲ್ಲಿ ಹೊಳೆಯುವ ಒಂದು ಗೆರೆ ಎದ್ದಿತ್ತು, ಉಗುರಿಗೆ ಸಿಗದಷ್ಟು ತೆಳ್ಳಗೆ. ಸ್ಕ್ರೂಡ್ರೈವರ್ ತುದಿಯಿಂದ ತಗಡನ್ನು ಒಂದಿಷ್ಟು ಸರಿಸಿದೆ, ಚೂರು ಕೆಳಗೆ ಬಿತ್ತು, ಆವಾಜ್ ನಿಂತಿತು. ಇಂಥ ಚೀರಾಟ ಇದ್ದಕ್ಕಿದ್ದಂತೆ ಶುರುವಾದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ನಿಧಾನವಾಗಿ ಹತ್ತಿಪ್ಪತ್ತು ಅಡಿ ಹಿಂದಕ್ಕೆ ಮುಂದಕ್ಕೆ ತನ್ನಿ. ಎಷ್ಟೋ ಸಲ ಕಲ್ಲು ತಾನೇ ಉದುರುತ್ತದೆ. ಉದುರಿದ ಮೇಲೂ ಬ್ರೇಕ್ ತುಳಿದಾಗ ಆವಾಜ್ ಬಂದರೆ ಮಾತ್ರ ಪ್ಯಾಡಿನ ಲೆಕ್ಕ ಬೇರೆ.

ಆ ಲೆಕ್ಕ ಹೀಗೆ. ಮುಂದಿನ ಡಿಸ್ಕಿನ ಬಹಳಷ್ಟು ಪ್ಯಾಡ್‌ಗಳಲ್ಲಿ ಸಣ್ಣ ತಗಡಿನ ನಾಲಿಗೆ ಇರುತ್ತದೆ. ಪ್ಯಾಡ್ ತೀರುವ ಹೊತ್ತಿಗೆ ಅದು ಡಿಸ್ಕಿಗೆ ತಾಗಿ ಸಿಳ್ಳೆಯಂಥ ಕೀರಲು ದನಿ ಬರುತ್ತದೆ. ಅದು ಮುನ್ಸೂಚನೆ. ಕೇಳಿಯೂ ಓಡಿಸಿದರೆ ಪ್ಯಾಡಿನ ಮಸಾಲೆ ಪೂರಾ ತೀರಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ, ಆಗಿನದು ಖರಖರ ಅರೆಯುವ ಶಬ್ದ, ಪೆಡಲಿಗೇ ತಾಗುತ್ತದೆ. ಆಗ ಡಿಸ್ಕ್ ಕೂಡ ಹೋಯಿತೆಂದೇ ಲೆಕ್ಕ. ಬ್ರೇಕ್ ತುಳಿದಾಗ ಮಾತ್ರ ಸ್ಟೇರಿಂಗ್ ನಡುಗಿದರೆ ಡಿಸ್ಕಿನ ಮೈ ಸಮ ಇಲ್ಲ. ಹಿಂದಿನ ಡ್ರಮ್ಮಿನಲ್ಲಿ ಕಲ್ಲುಪುಡಿ, ಸಿಮೆಂಟಿನ ಧೂಳು ಸೇರಿ ಲೈನರನ್ನು ಮರಳುಕಾಗದ ಉಜ್ಜಿದ ಹಾಗೆ ತಿನ್ನುತ್ತದೆ. ತಾಂಡೂರಿನ ಗಿರಾಕಿಗಳಿಗೆ ಮಳೆಗಾಲ ಮುಗಿದ ಕೂಡಲೇ ಒಮ್ಮೆ ಡ್ರಮ್ ಬಿಚ್ಚಿಸಿ ಒರೆಸಿಕೊಳ್ಳಿ ಎಂದು ಹೇಳುತ್ತಲೇ ಇರುತ್ತೇನೆ.

ವ್ಹೀಲ್ ಬೇರಿಂಗ್ ಮಾತು ಇಲ್ಲಿ ಹೇಳಲೇಬೇಕು, ಏಕೆಂದರೆ ಅದರ ಮೇಲೆ ಬಹಳ ಸುಳ್ಳು ಆರೋಪ ಬರುತ್ತದೆ. ಕೆಟ್ಟ ಬೇರಿಂಗ್ ಗೊರಗೊರ ಎನ್ನುತ್ತದೆ, ಸ್ಪೀಡ್ ಏರಿದಂತೆ ಏರುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಹಾಗೇ ಇರುತ್ತದೆ. ಟೈರಿನ ಶಬ್ದವೂ ಹೆಚ್ಚು ಕಡಿಮೆ ಹೀಗೇ. ಆದರೆ ಹೊಸ ಡಾಂಬರಿನಿಂದ ಹಳೆ ಡಾಂಬರಿಗೆ ಇಳಿದಾಗ ಟೈರಿನ ದನಿ ಬದಲಾಗುತ್ತದೆ, ಬೇರಿಂಗಿನದು ಬದಲಾಗುವುದಿಲ್ಲ. ಇನ್ನೊಂದು ಪರೀಕ್ಷೆ ತಿರುವಿನಲ್ಲಿ. ನಲವತ್ತರಲ್ಲಿ ಬಲಕ್ಕೆ ಮೆಲ್ಲಗೆ ತಿರುಗಿಸಿದರೆ ಗಾಡಿಯ ಭಾರ ಎಡ ಚಕ್ರಗಳ ಮೇಲೆ ಬೀಳುತ್ತದೆ. ಆಗ ಗೊರಗೊರ ಜೋರಾದರೆ ಸಾಮಾನ್ಯವಾಗಿ ಎಡಗಡೆಯ ಬೇರಿಂಗ್. ಕೊನೆಗೆ ಜಾಕ್ ಏರಿಸಿ, ಒಂದು ಕೈಯಿಂದ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಸಸ್ಪೆನ್ಷನ್ನಿನ ಮೇಲೆ ಇಟ್ಟರೆ ಒಳಗಿನ ಗರಗರ ಬೆರಳಿಗೆ ತಿಳಿಯುತ್ತದೆ. ಚಕ್ರದ ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಆಟ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ನಮ್ಮ ಕಡೆ ಬೇರಿಂಗ್ ಬೇಗ ಹೋಗಲು ಮುಖ್ಯ ಕಾರಣ ನೀರು. ಮಳೆಗಾಲದಲ್ಲಿ ಹಳ್ಳದ ತಗ್ಗು ಸೇತುವೆಗಳ ಮೇಲೆ ನೀರು ಹರಿಯುತ್ತಿರುತ್ತದೆ. ದೂರದಿಂದ ಓಡಿಬಂದು ಬಿಸಿಯಾದ ಹಬ್ ಒಮ್ಮೆಲೇ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಸಂದಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಬೇರಿಂಗಿಗೆ ತುಕ್ಕು ಹಿಡಿಯುತ್ತದೆ, ಆವಾಜ್ ಬರುವುದು ಎಷ್ಟೋ ವಾರದ ಮೇಲೆ. ಅಷ್ಟರಲ್ಲಿ ಆ ಹಳ್ಳ ಎಲ್ಲರಿಗೂ ಮರೆತಿರುತ್ತದೆ. ಹಿಂದಿನ ಹೌಸಿಂಗಿಗೂ ಇದೇ ಗತಿ. ಅದರ ಮೇಲೆ ಗಾಳಿ ಆಡಲು ಇರುವ ಬ್ರೀದರ್ ಮಣ್ಣಿನಿಂದ ಮುಚ್ಚಿದ್ದರೆ ಒಳಗಿನ ಒತ್ತಡ ಸೀಲನ್ನು ಒಡೆದು ಆಯಿಲ್ ಸೋರಿಸುತ್ತದೆ. ಆಯಿಲ್ ಇಳಿದ ಹೌಸಿಂಗಿನ ಕ್ರೌನ್ ಪಿನಿಯನ್ ಊಂ ಎಂದು ಅಳತೊಡಗುತ್ತದೆ. ಆಕ್ಸಿಲರೇಟರ್ ತುಳಿದಾಗ ಒಂದು ದನಿ, ಬಿಟ್ಟಾಗ ಇನ್ನೊಂದು ದನಿ ಬರುವುದೇ ಅದರ ಗುರುತು. ಡ್ರೇನ್ ನಟ್ ಬಿಚ್ಚಿ ಆಯಿಲನ್ನು ಬೆರಳಿಗೆ ಹಚ್ಚಿ ನೋಡಿ. ನುಣ್ಣನೆಯ ಬೂದು ಪುಡಿ ಇದ್ದರೆ ಅದು ವಯಸ್ಸಿನದು. ಚುಚ್ಚುವಂಥ ಚೂರು ಸಿಕ್ಕರೆ ಹಲ್ಲು ಮುರಿಯುತ್ತಿದೆ, ತಡ ಮಾಡಬಾರದು.

ಈಗ ಪ್ರೊಪೆಲರ್ ಶಾಫ್ಟಿಗೆ ಬರುತ್ತೇನೆ. ನನ್ನ ಅನುಭವದಲ್ಲಿ ಅತಿ ಹೆಚ್ಚು ದುಡ್ಡು ವ್ಯರ್ಥವಾಗುವುದು ಇದನ್ನು ಕೊನೆಗೆ ನೋಡುವುದರಿಂದ. ಶಾಫ್ಟಿನ ಎರಡೂ ತುದಿಗೆ ಒಂದೊಂದು ಕ್ರಾಸ್ ಇರುತ್ತದೆ. ಕೂಡಿಸುವ ಚಿಹ್ನೆಯ ಆಕಾರದ ಉಕ್ಕಿನ ತುಂಡು, ಅದರ ನಾಲ್ಕು ತುದಿಗೆ ಸೂಜಿಯಂಥ ರೋಲರುಗಳಿರುವ ಬಟ್ಟಲು. ಹಿಂದಿನ ಆಕ್ಸಲ್ ತಗ್ಗಿನಲ್ಲಿ ಮೇಲೆ ಕೆಳಗೆ ಆಡಿದರೂ ಶಾಫ್ಟ್ ತಿರುಗುತ್ತಿರಲು ಈ ಮಡಿಚುವ ಜಾಯಿಂಟ್ ಬೇಕು. ಹದಿನಾರನೇ ಶತಮಾನದ ಇಟಲಿಯ ಕಾರ್ಡಾನೊ, ಹದಿನೇಳನೇ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಇಬ್ಬರ ಹೆಸರೂ ಇದಕ್ಕೆ ಅಂಟಿಕೊಂಡಿದೆ. ಇದರಲ್ಲಿ ಒಂದು ವಿಚಿತ್ರ ಗುಣ ಇದೆ. ಓರೆಯಾಗಿ ತಿರುಗುವಾಗ ಒಳಬರುವ ತುದಿ ಒಂದೇ ವೇಗದಲ್ಲಿದ್ದರೂ ಹೊರಹೋಗುವ ತುದಿ ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದೋಡಿ, ಎರಡು ಸಲ ಹಿಂದುಳಿಯುತ್ತದೆ. ಮುಂದಿನ ಕ್ರಾಸ್ ಮಾಡುವ ಈ ಏರುಪೇರನ್ನು ಹಿಂದಿನ ಕ್ರಾಸ್ ಸರಿಯಾಗಿ ತಿರುವುಮುರುವು ಮಾಡಿ ಅಳಿಸಿಹಾಕಬೇಕು. ಹಾಗಾಗಬೇಕಾದರೆ ಶಾಫ್ಟಿನ ಎರಡು ತುದಿಯ ಕವಲುಗಳೂ ಒಂದೇ ನೇರಕ್ಕೆ ಇರಬೇಕು, ಎರಡೂ ಕಡೆಯ ಓರೆಯೂ ಸಮ ಇರಬೇಕು.

ನಾರಾಯಣಖೇಡದ ಮಾಸ್ತರರೊಬ್ಬರ ಬೊಲೆರೊ ಇದನ್ನು ಚೆನ್ನಾಗಿ ತೋರಿಸಿತು. ಅರವತ್ತು ದಾಟಿದರೆ ಗುಂಯ್, ಎಂಬತ್ತಕ್ಕೆ ಹಿಂದಿನ ಸೀಟಿನಲ್ಲಿ ಕೂರಲು ಆಗದಷ್ಟು. ಟೈರ್ ಬದಲಾಗಿತ್ತು, ಅಲೈನ್‌ಮೆಂಟ್ ಆಗಿತ್ತು, ಹಿಂದಿನ ಬೇರಿಂಗ್ ಹೊಸದು. “ಇನ್ನು ಮಾರೂದೇ ಛಲೋ ಅನ್ಲತಾರ್ರಿ ಮನ್ಯಾಗ” ಎಂದರು. ನಡುಕಕ್ಕಿಂತ ಮೊದಲು ಗಾಡಿಗೆ ಏನಾದರೂ ಕೆಲಸ ಆಗಿತ್ತೇ ಎಂದು ಕೇಳಿದೆ. ಎಲ್ಲೋ ಒಂದು ಕಡೆ ಕ್ರಾಸ್ ಹಾಕಿಸಿದ್ದರಂತೆ. ಗಾಡಿಯ ಕೆಳಗೆ ಹೋಗಿ ಟಾರ್ಚ್ ಬಿಟ್ಟೆ. ಮುಂದಿನ ಕವಲು ನೆಲಕ್ಕೆ ಸಮವಾಗಿ ಮಲಗಿದ್ದರೆ ಹಿಂದಿನದು ಓರೆಯಾಗಿ ನಿಂತಿತ್ತು. ಶಾಫ್ಟ್ ಉದ್ದ ಗಿಡ್ಡ ಆಗಲೆಂದು ಮಧ್ಯೆ ಹಲ್ಲಿನ ಜೋಡಣೆ ಇರುತ್ತದೆ. ಬಿಚ್ಚಿದವರು ಗುರುತು ಹಾಕಿಕೊಳ್ಳದೆ ಕೆಲವು ಹಲ್ಲು ಹೆಚ್ಚು ಕಡಿಮೆ ಕೂರಿಸಿದ್ದರು. ಅಳಿಸಬೇಕಾದ ಏರುಪೇರು ಅಳಿಯದೆ ಉಳಿದಿತ್ತು. ಶಾಫ್ಟ್ ಇಳಿಸಿ, ಎರಡೂ ಕವಲು ನೇರ ಮಾಡಿ ಕೂರಿಸಿದೆ. ಒಂದು ರೂಪಾಯಿಯ ಸಾಮಾನೂ ಹಿಡಿಯಲಿಲ್ಲ. ನಿಮ್ಮ ಗಾಡಿಯ ಶಾಫ್ಟ್ ಯಾರೇ ಬಿಚ್ಚಲಿ, ಬಿಚ್ಚುವ ಮೊದಲು ಜೋಡಣೆಯ ಎರಡೂ ಬದಿಗೆ, ಫ್ಲಾಂಜಿಗೂ ಸೇರಿಸಿ ಬಿಳಿ ಪೇಂಟಿನ ಗೆರೆ ಎಳೆಸಿ. ಪಕ್ಕದಲ್ಲಿ ನಿಂತು ಎಳೆಸಿ.

ಕ್ರಾಸ್ ಹಾಳಾಗಿದೆಯೇ ಎಂದು ನೋಡಲು ಗಾಡಿಯ ಚಕ್ರಕ್ಕೆ ಅಡ್ಡ ಕೊಟ್ಟು ನ್ಯೂಟ್ರಲ್‌ನಲ್ಲಿಟ್ಟು, ಜಾಯಿಂಟಿನ ಎರಡೂ ಬದಿ ಹಿಡಿದು ಹಿಂಡಬೇಕು. ಕೂದಲೆಳೆಯಷ್ಟು ಆಟವೂ ಇರಬಾರದು. ಬಟ್ಟಲಿನ ಸುತ್ತ ಕೆಂಪು ಪುಡಿ ಕಂಡರೆ ಒಳಗೆ ಗ್ರೀಸ್ ಒಣಗಿ ತುಕ್ಕು ಅರೆಯುತ್ತಿದೆ. ರಿವರ್ಸಿನಿಂದ ಫಸ್ಟಿಗೆ ಹಾಕಿ ಕ್ಲಚ್ ಬಿಟ್ಟಾಗ ಟಣ್ ಎನ್ನುವುದೂ ಅದರದ್ದೇ ಸೂಚನೆ. ಗ್ರೀಸ್ ನಿಪ್ಪಲ್ ಇರುವ ಕ್ರಾಸಿಗೆ ಸರ್ವೀಸಿಗೊಮ್ಮೆ ಗನ್ ಹಿಡಿದರೆ ವರ್ಷಗಟ್ಟಲೆ ಬಾಳುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಓಡುವಾಗ ಮುಂದಿನ ಕ್ರಾಸ್ ಮುರಿದರೆ ಶಾಫ್ಟಿನ ತುದಿ ರಸ್ತೆಗೆ ಚುಚ್ಚಿಕೊಂಡು ಗಾಡಿಯನ್ನೇ ಎತ್ತಿ ಒಗೆಯಬಹುದು.

ಎರಡೂ ಕಡೆಯ ಓರೆ ಸಮ ಇರಬೇಕು ಎಂದೆನಲ್ಲ, ಅದು ಕೆಡುವುದು ನಮ್ಮವರ ಒಂದು ರೂಢಿಯಿಂದ. ಶುಂಠಿ, ಆಲೂಗಡ್ಡೆ ಚೀಲ ಹೇರಲು ಹಿಂದಿನ ಕಮಾನಿಗೆ ಒಂದು ಪಟ್ಟಾ ಹೆಚ್ಚಿಗೆ ಹಾಕಿಸುತ್ತಾರೆ. ಹಿಂಭಾಗ ಎತ್ತರವಾಗಿ ಆಕ್ಸಲ್ಲಿನ ಮುಖ ಓರೆಯಾಗುತ್ತದೆ. ಖಾಲಿ ಗಾಡಿ ನಡುಗುತ್ತದೆ, ಹೇರಿದ ಮೇಲೆ ಸುಮ್ಮನಾಗುತ್ತದೆ. ಹಳೆ ಪಟ್ಟಾ ಕುಸಿದಿದ್ದರೆ ಇದರ ತದ್ವಿರುದ್ಧ. ಖಾಲಿಗೋ, ಭಾರಕ್ಕೋ ಎಂದು ನಾನು ಮೊದಲೇ ಕೇಳುವುದು ಇದಕ್ಕೇ.

ಇಂಜಿನ್ನಿನ ಕಡೆಯದು ಸುಲಭ. ಐಡಲಿನಲ್ಲಿ ಮೈಯೆಲ್ಲ ನಡುಗಿ, ರೇಸ್ ಕೊಟ್ಟರೆ ತಗ್ಗಿದರೆ ಇಂಜಿನ್ ಫೌಂಡೇಷನ್ನಿನ ರಬ್ಬರ್ ನೋಡಿಸಿ, ಇಲ್ಲವೇ ಒಂದು ಇಂಜೆಕ್ಟರ್ ಸರಿಯಾಗಿ ಇಂಧನ ಚಿಮ್ಮಿಸುತ್ತಿಲ್ಲ. ನ್ಯೂಟ್ರಲ್‌ನಲ್ಲಿ ಗೊರ ಎಂದು, ಕ್ಲಚ್ ತುಳಿದ ಕೂಡಲೇ ನಿಂತರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್. ತುಳಿದಾಗಲೇ ಶುರುವಾದರೆ ಕ್ಲಚ್ ಬೇರಿಂಗ್.

ಮನೆಯಲ್ಲೇ ಚಕ್ರ ಎತ್ತಿ ನೋಡುವವರಿಗೆ ಒಂದು ಮಾತು, ಇದನ್ನು ಕೈಮುಗಿದು ಹೇಳುತ್ತೇನೆ. ತಾಂಡೂರಿನ ಕಡೆ ಅಂಗಳದಲ್ಲಿ ಫರ್ಸಿ ತುಂಡುಗಳಿಗೆ ಕೊರತೆಯಿಲ್ಲ, ಜಾಕಿನ ಕೆಳಗೂ ಆಕ್ಸಲ್ಲಿನ ಕೆಳಗೂ ಅವನ್ನೇ ಒಂದರ ಮೇಲೊಂದು ಇಡುತ್ತಾರೆ. ಆ ಕಲ್ಲು ಪದರ ಪದರವಾಗಿ ಒಡೆಯುವಂಥದ್ದು, ಅದಕ್ಕೇ ಅಷ್ಟು ಚಪ್ಪಟೆಯಾಗಿ ಸಿಗುತ್ತದೆ. ಭಾರದಡಿ ಹೇಳದೆ ಕೇಳದೆ ಸೀಳುತ್ತದೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಕಬ್ಬಿಣದ ಸ್ಟ್ಯಾಂಡ್ ಇಲ್ಲದಿದ್ದರೆ ಗಾಡಿಯನ್ನು ಗ್ಯಾರೇಜಿಗೇ ತನ್ನಿ.

ತರುವಾಗ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ: ಶುರುವಾದದ್ದು ಯಾವಾಗ, ಅದಕ್ಕೆ ಮೊದಲು ಆದ ಕೆಲಸ ಏನು, ಯಾವ ಸ್ಪೀಡಿಗೆ, ಕೈಗೋ ಸೀಟಿಗೋ. ಚೀಟಿ ಕೊಟ್ಟು, ಮೆಕ್ಯಾನಿಕ್ ಜೊತೆ ಗಾಡಿಯಲ್ಲಿ ಕೂತು ಹೋಗಿ. ಕೂರಲು ಒಪ್ಪದವರ ಕೈಗೆ ಪಾನಾ ಕೊಡಬೇಡಿ. ಬದಲಿಸಿದ ಹಳೆ ಸಾಮಾನು ಕೇಳಿ ಪಡೆದು, ಬೇರಿಂಗ್ ಆಗಿದ್ದರೆ ಬೆರಳಿನಿಂದ ತಿರುಗಿಸಿ ನೋಡಿ. ನುಣ್ಣಗೆ ತಿರುಗಿದರೆ ಕಾರಣ ಇನ್ನೂ ಗಾಡಿಯಲ್ಲೇ ಇದೆ. ಕೆಲಸ ಮುಗಿದ ಮೇಲೆ ಅದೇ ರಸ್ತೆಯಲ್ಲಿ, ಅದೇ ಸ್ಪೀಡಿನಲ್ಲಿ, ಅಷ್ಟೇ ಭಾರದಲ್ಲಿ ಓಡಿಸಿ ನೋಡಿಯೇ ದುಡ್ಡು ಕೊಡಿ. ಚಕ್ರ ಬಿಚ್ಚಿ ಹಾಕಿದ್ದರೆ ಐವತ್ತು ಕಿಲೋಮೀಟರ್ ಓಡಿದ ಮೇಲೆ ನಿಲ್ಲಿಸಿ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಕೊಳ್ಳಿ, ಒಂದಾದ ಮೇಲೆ ಪಕ್ಕದ್ದಲ್ಲ, ಎದುರಿನದು.